ಮರಾಕೇಶಿನ ತಾರಸಿ ಊಟ: ಸಾರು ಯಾವುದರದ್ದು ಅಂತ ಕೇಳಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ಮೊರಾಕ್ಕೊಗೆ ಹೊರಟಿದ್ದೇವೆ. ಮರಾಕೇಶಿನ ಹಳೇ ಊರಿನಲ್ಲಿ ತಾರಸಿ ಮೇಲಿನ ಸಾಂಪ್ರದಾಯಿಕ ಹೋಟೆಲಿನಲ್ಲಿ ಒಂದು ರಾತ್ರಿ ಊಟ ಮಾಡುವ ಆಸೆ. ಜೊತೆಗೆ ಬರುವ ಅಮ್ಮ ಅಪ್ಪಟ ಸಸ್ಯಾಹಾರಿ. ಅವರಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ: ಹೊಟ್ಟೆ ತುಂಬುವಷ್ಟು ಸಿಗುತ್ತದೆ. ಆದರೆ ಮೆನುವಿನಲ್ಲಿ ‘ವೆಜಿಟೆಬಲ್’ ಎಂದಿದ್ದನ್ನು ನಂಬಿ ನಿಶ್ಚಿಂತರಾಗಬೇಡಿ. ತಟ್ಟೆಯಲ್ಲಿ ಮಾಂಸದ ತುಂಡು ಇಲ್ಲದಿದ್ದರೂ ಬೇಯಿಸಿದ ಸಾರು ಮಾಂಸದ್ದಾಗಿರಬಹುದು.

ಮೊದಲು ಅನುಮಾನ ಪಡಬೇಕಾದ್ದು ಏಳು ತರಕಾರಿಗಳ ಕುಸ್‌ಕುಸ್ ಮೇಲೆ. ಗೋಧಿ ರವೆಯ ಈ ಸಣ್ಣ ಕಾಳನ್ನು ನಾವು ಇಡ್ಲಿ ಬೇಯಿಸುವಂತೆ ಹಬೆಯಲ್ಲೇ ಬೇಯಿಸುತ್ತಾರೆ. ಆದರೆ ಕೆಳಗಿನ ಪಾತ್ರೆಯಲ್ಲಿ ಬರೀ ನೀರಲ್ಲ, ಸಾಮಾನ್ಯವಾಗಿ ಕುರಿ ಅಥವಾ ಕೋಳಿಯ ಸಾರು ಕುದಿಯುತ್ತಿರುತ್ತದೆ. ಕೊನೆಗೆ ಅದನ್ನೇ ಮೇಲೆ ಸುರಿಯುತ್ತಾರೆ. ಶುಕ್ರವಾರ ಮಧ್ಯಾಹ್ನ ಇಡೀ ದೇಶ ಉಣ್ಣುವ ಊಟ ಇದು, ಅವತ್ತೇ ಇದರ ರುಚಿ ಹೆಚ್ಚು. ಅಮ್ಮನಿಗೆ ಮಾತ್ರ ಕೇಳದೆ ಬಡಿಸಬೇಡಿ.

ತಾಜೀನ್ ವಾಸಿ. ಶಂಕುವಿನಂಥ ಮುಚ್ಚಳದ ಮಣ್ಣಿನ ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟರೆ ಆವಿ ಮುಚ್ಚಳಕ್ಕೆ ತಾಗಿ ಕೆಳಗಿಳಿದು, ತರಕಾರಿ ತನ್ನ ರಸದಲ್ಲೇ ಬೇಯುತ್ತದೆ. ಹೊರಗಿನ ಸಾರು ಬೇಕೇ ಬೇಕು ಎಂದೇನಿಲ್ಲ. ಒಂದು ಎಚ್ಚರ: ಎಷ್ಟೋ ತಾಜೀನ್‌ಗಳಲ್ಲಿ ಗೋಪುರದಂತೆ ಜೋಡಿಸಿದ ಕ್ಯಾರೆಟ್, ಆಲೂಗಡ್ಡೆಯ ಅಡಿಯಲ್ಲಿ ಮಾಂಸ ಕೂತಿರುತ್ತದೆ. ಮೂಗಿಗೆ ಹಳೇ ತುಪ್ಪದ ಘಾಟು ಬಡಿದರೆ ಗಾಬರಿ ಬೇಡ, ಅದು ಸ್ಮೆನ್ ಎಂಬ ಮಾಗಿಸಿದ ಬೆಣ್ಣೆ.

ಹರೀರಾ ಸೂಪಿನಲ್ಲಿ ಟೊಮೆಟೊ, ಕಡಲೆ, ಬೇಳೆ ಕಂಡರೂ ಮಾಂಸದ ಚೂರು ಸಾಮಾನ್ಯ. ಪುಡಿ ಸಕ್ಕರೆ, ದಾಲ್ಚಿನ್ನಿ ಉದುರಿಸಿದ ಪಸ್ತಿಲಾ ನೋಡಲು ಸಿಹಿತಿಂಡಿ, ಒಳಗೆ ಪಾರಿವಾಳ ಅಥವಾ ಕೋಳಿ!

ಧೈರ್ಯವಾಗಿ ತರಿಸಬಹುದಾದ್ದು ಊಟದ ಮೊದಲು ಪುಟ್ಟ ಬಟ್ಟಲುಗಳಲ್ಲಿ ಬರುವ ಸಲಾಡ್‌ಗಳು: ಬದನೆ, ಟೊಮೆಟೊ ಮಸೆದ ಝಾಲೂಕ್, ದಪ್ಪ ಮೆಣಸಿನಕಾಯಿಯ ತಕ್ತೂಕಾ, ಜೀರಿಗೆ ಹಾಕಿದ ಕ್ಯಾರೆಟ್. ಇವು ಮತ್ತು ಬಿಸಿ ರೊಟ್ಟಿ ಇದ್ದರೆ ನನ್ನ ಮಟ್ಟಿಗೆ ಅದೇ ಊಟ. ಬೆಳ್ಳುಳ್ಳಿ ಮಾತ್ರ ಎಲ್ಲದರಲ್ಲೂ ಇರುತ್ತದೆ. ಅಮ್ಮ ಅದನ್ನೂ ತಿನ್ನದಿದ್ದರೆ ಕಷ್ಟವೇ.

ಹೋಟೆಲಿನವರಿಗೆ ಅಲ್ಲಿನ ಅರಬ್ಬಿಯಲ್ಲಿ ಹೇಳುವಾಗ ‘ಬ್ಲಾ ಲ್ಹಮ್’ (ಮಾಂಸ ಬೇಡ) ಎಂದಷ್ಟೇ ಅಂದರೆ ಕೋಳಿ ಬಂದೀತು. ‘ಬ್ಲಾ ದ್ಜಾಜ್’ (ಕೋಳಿಯೂ ಬೇಡ) ಸೇರಿಸಿ. ಸಾರಿನ ವಿಷಯ ಫ್ರೆಂಚಿನಲ್ಲಿ ಹೇಳಿದರೆ ಸುಲಭ: ‘ಸಾಂ ಬೂಯೋಂ ದ ವ್ಯಾಂದ್’ (ಮಾಂಸದ ಸಾರು ಬೇಡ). ಇದನ್ನೆಲ್ಲ ಮೇಜಿಗೆ ಕೂತ ಮೇಲಲ್ಲ, ಹಿಂದಿನ ದಿನ ಸೀಟು ಕಾದಿರಿಸುವಾಗಲೇ ಹೇಳಿ. ತಾಜೀನ್ ಬೇಯಲು ಹೊತ್ತು ಹಿಡಿಯುತ್ತದೆ, ನಿಮಗೆಂದೇ ಬೇರೆ ಇಡಬೇಕು.

ಇನ್ನು ತಾರಸಿ. ಹಳೇ ಊರಿನ ಮನೆಗಳು ಬೀದಿಗೆ ಗೋಡೆ ತೋರಿಸಿ ಒಳಾಂಗಣಕ್ಕೆ ಮುಖ ಮಾಡಿದವು. ಹಿಂದೆ ಮಾಳಿಗೆ ಹೆಂಗಸರ ಜಾಗವಾಗಿತ್ತು. ಮೇಲೇರುವ ಮೆಟ್ಟಿಲು ಕಿರಿದು, ಕಡಿದು, ಲಿಫ್ಟ್ ಅಪರೂಪ. ಅಮ್ಮನ ಮಂಡಿ ಹೇಗಿದೆ ನೋಡಿಕೊಳ್ಳಿ. ಡಿಸೆಂಬರ್ ರಾತ್ರಿ ಚಳಿ ಕೊರೆಯುತ್ತದೆ, ಸ್ವೆಟರ್ ಇರಲಿ.

ಜಮಾ ಎಲ್ ಫ್ನಾ ಚೌಕಕ್ಕೆ ಮುಖ ಮಾಡಿದ ತಾರಸಿಗಳಲ್ಲಿ ದುಡ್ಡು ಹೋಗುವುದು ನೋಟಕ್ಕೆ, ಅಡುಗೆಗಲ್ಲ. ಅಲ್ಲಿ ಹೊತ್ತು ಮುಳುಗುವಾಗ ಪುದೀನಾ ಚಹಾ ಕುಡಿದು, 12ನೇ ಶತಮಾನದ ಕುತೂಬಿಯಾ ಮಿನಾರನ್ನೂ ಆಕಾಶ ತಿಳಿಯಾಗಿದ್ದರೆ ಅಟ್ಲಾಸ್ ಬೆಟ್ಟದ ಹಿಮವನ್ನೂ ನೋಡಿ, ಊಟಕ್ಕೆ ಒಳಸಂದಿಯ ಸಣ್ಣ ಹೋಟೆಲಿಗೆ ಹೋಗಿ ಎನ್ನುತ್ತೇನೆ. ಆ ಚಹಾಕ್ಕೆ ಸಕ್ಕರೆ ಕೆಟಲಿನಲ್ಲೇ ಬಿದ್ದಿರುತ್ತದೆ, ಅದೂ ಧಾರಾಳವಾಗಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಆರ್ಡರ್ ಕೊಡುವಾಗಲೇ ಬೇಡ ಎನ್ನಿ.