ಇನ್ನೊಂದು ಕಿಡ್ನಿ ಇದೆಯಲ್ಲ ಡಾಕ್ಟ್ರೇ!

ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದು ಗ್ಯಾಸ್ಟ್ರಿಕ್ ಅಂತ. ಸಿಕ್ಕಿದ್ದು ಕಿಡ್ನಿಯಲ್ಲೊಂದು ಗಡ್ಡೆ, 2.4 ಸೆಂಟಿಮೀಟರ್. ಈಗೀಗ ನಾನು ನೋಡುವ ಕಿಡ್ನಿ ಗಡ್ಡೆಗಳಲ್ಲಿ ಇಂಥವೇ ಜಾಸ್ತಿ. ನೋವಿಲ್ಲ, ಮೂತ್ರದಲ್ಲಿ ರಕ್ತವಿಲ್ಲ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಕಣ್ಣಿಗೆ ಬಿದ್ದವು. ರಿಪೋರ್ಟ್ ಬಂದ ಸಂಜೆಯೇ ಅದರ ಫೋಟೋ ಬೆಂಗಳೂರಿನ ಮಗನ ವಾಟ್ಸಾಪ್‌ಗೆ ಹೋಗುತ್ತದೆ. ಅಲ್ಲಿಂದ ಅವನ ಗೆಳೆಯರಿಗೆ. ಮನೆಯವರು ನನ್ನ ಮುಂದೆ ಬಂದು ಕೂರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ: "ನಾಳೆಯೇ ತೆಗೆದುಬಿಡಿ ಡಾಕ್ಟ್ರೇ. ಹೇಗೂ ಇನ್ನೊಂದು ಕಿಡ್ನಿ ಇದೆಯಲ್ಲ."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದರಲ್ಲಿ ಎರಡು ತಪ್ಪಿವೆ. 'ನಾಳೆಯೇ' ಅನ್ನುವುದು ಚಿಕ್ಕದು. 'ಇನ್ನೊಂದು ಇದೆಯಲ್ಲ' ಅನ್ನುವುದು ದೊಡ್ಡದು.

ಚಿಕ್ಕದನ್ನು ಮೊದಲು ಮುಗಿಸುತ್ತೇನೆ. ನಾಲ್ಕು ಸೆಂಟಿಮೀಟರ್‌ ಒಳಗಿನ ಗಟ್ಟಿ ಗಡ್ಡೆಗಳಲ್ಲಿ ಸುಮಾರು ಐದಕ್ಕೊಂದು ಕ್ಯಾನ್ಸರೇ ಆಗಿರುವುದಿಲ್ಲ. ಕ್ಯಾನ್ಸರ್ ಆಗಿದ್ದರೂ ಹೆಚ್ಚಿನವು ಬೆಳೆಯುವುದು ವರ್ಷಕ್ಕೆ ಸರಾಸರಿ ಎರಡು ಮೂರು ಮಿಲಿಮೀಟರ್. ಆ ಗಾತ್ರದಲ್ಲಿ ಹರಡುವುದು ಅಪರೂಪ. ಅಪರೂಪ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಒಬ್ಬ ಬೆಳೆಗಾರರು ಜನವರಿಯಲ್ಲಿ ಬಂದು, ಸಂಕೋಚಪಟ್ಟುಕೊಂಡು, "ಕಾಫಿ ಕೊಯ್ಲು ಮುಗಿಸಿ ಬರಬಹುದಾ?" ಅಂತ ಕೇಳಿದರು. ಪಕ್ಕದಲ್ಲಿದ್ದ ಮಗನಿಗೆ ಸಿಟ್ಟು ಬಂತು. ಅವರ ಗಡ್ಡೆ ಚಿಕ್ಕದು, ತೊಂದರೆಯ ಲಕ್ಷಣ ಒಂದೂ ಇರಲಿಲ್ಲ. ಮುಗಿಸಿಯೇ ಬನ್ನಿ ಅಂದೆ. ಎಲ್ಲರಿಗೂ ಹೀಗೆ ಹೇಳಲಾಗುವುದಿಲ್ಲ. ಗಡ್ಡೆ ದೊಡ್ಡದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ರಕ್ತನಾಳದೊಳಗೆ ನುಗ್ಗಿದ್ದರೆ ಲೆಕ್ಕವೇ ಬೇರೆ.

ಈಗ ದೊಡ್ಡ ತಪ್ಪಿಗೆ ಬರೋಣ. ಅದೇ ಬೆಳೆಗಾರರು ಇನ್ನೊಂದು ಮಾತು ಹೇಳಿದರು. "ಬೋರರ್ ಹೊಕ್ಕ ಗಿಡವನ್ನು ನಾವು ಬುಡಸಮೇತ ಕಿತ್ತು ಸುಡ್ತೇವೆ. ಅರ್ಧ ಇಟ್ಕೊಂಡು ಏನು ಮಾಡೋದು?" ಅರೇಬಿಕಾ ಕಾಫಿಗೆ ಬೋರರ್, ಅಂದರೆ ಕಾಂಡಕೊರಕ ಹುಳ ಬಿದ್ದರೆ ಮಾಡಬೇಕಾದ್ದು ಅದೇ, ಸರಿ. ಆದರೆ ತೋಟದಲ್ಲಿ ಸಾವಿರಾರು ಗಿಡ ಇರುತ್ತವೆ, ಕಿತ್ತ ಜಾಗಕ್ಕೆ ಮುಂದಿನ ಮಳೆಗೆ ಹೊಸ ಸಸಿ ಹಾಕಬಹುದು. ಕಿಡ್ನಿ ಇರುವುದು ಎರಡೇ.

"ಒಂದು ಕಿಡ್ನಿ ದಾನ ಮಾಡಿದವರು ಚೆನ್ನಾಗಿಯೇ ಇದ್ದಾರಲ್ವಾ?" ಅಂತ ಕೇಳುತ್ತಾರೆ. ಇದ್ದಾರೆ. ಅವರನ್ನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ, ಪೂರ್ತಿ ಆರೋಗ್ಯವಂತರು ಅಂತ ಖಾತ್ರಿಯಾದ ಮೇಲೆ ಆರಿಸಿರುತ್ತಾರೆ. ನಿಮಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ದಾನ ಕೊಡುತ್ತೇನೆ ಅಂತ ಹೋದರೆ ನಿಮ್ಮನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಬಿಪಿ, ಬೊಜ್ಜು, ಬೀಡಿ ಸಿಗರೇಟು, ಇವು ಕಿಡ್ನಿ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ. ಇವೇ ಉಳಿದ ಕಿಡ್ನಿಯನ್ನೂ ಸವೆಸುತ್ತವೆ. ಗಡ್ಡೆ ಬಂದವರ ಎರಡನೇ ಕಿಡ್ನಿ ಹೊಚ್ಚ ಹೊಸದಾಗಿ ಇದೆ ಅಂದುಕೊಳ್ಳುವುದು ಹೇಗೆ?

"ಕ್ರಿಯಾಟಿನಿನ್ 1.1 ಇದೆ, ನಾರ್ಮಲ್" ಅಂತ ರಿಪೋರ್ಟಿನ ಮೇಲೆ ಬೆರಳಿಡುತ್ತಾರೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ. ಕಿಡ್ನಿಯ ಶಕ್ತಿ ಸುಮಾರು ಅರ್ಧ ಹೋಗುವವರೆಗೂ ಆ ಸಂಖ್ಯೆ ನಾರ್ಮಲ್ ಅಂಚಿನೊಳಗೇ ಇರಬಹುದು. ಅದಕ್ಕೇ ನಾನು ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್ ನೋಡುತ್ತೇನೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡುತ್ತೇನೆ. ಒಂದು ಕಿಡ್ನಿ ಪೂರ್ತಿ ತೆಗೆದರೆ ಇನ್ನೊಂದು ಸ್ವಲ್ಪ ಜಾಸ್ತಿ ದುಡಿದು ತುಂಬಿಕೊಡುತ್ತದೆ. ಆದರೂ ಒಟ್ಟು ಶಕ್ತಿಯಲ್ಲಿ ಮೂರನೇ ಒಂದು ಭಾಗದಷ್ಟು ಹೋಯಿತು ಅಂತಲೇ ಇಟ್ಟುಕೊಳ್ಳಿ. ಅರವತ್ತರಲ್ಲಿ ಅದು ಗೊತ್ತಾಗದೇ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಎಪ್ಪತ್ತೈದರಲ್ಲಿ ಗೊತ್ತಾಗುತ್ತದೆ.

ಜನರನ್ನು ದೂರಿ ಪ್ರಯೋಜನವಿಲ್ಲ. ಟೊರೊಂಟೊದ ಸರ್ಜನ್ ಚಾರ್ಲ್ಸ್ ರಾಬ್ಸನ್ 1960ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಬಹಳ ಕಾಲ ನಮ್ಮವರು ಕೂಡ ಕಿಡ್ನಿಯನ್ನು ಸುತ್ತಲಿನ ಕೊಬ್ಬಿನ ಸಮೇತ ಪೂರ್ತಿಯಾಗಿಯೇ ತೆಗೆಯುತ್ತಿದ್ದರು. ನಿಮ್ಮ ದೊಡ್ಡಪ್ಪನಿಗೆ ಹಾಗೆ ಮಾಡಿದ್ದರೆ ಅದು ಆ ಕಾಲಕ್ಕೆ ಸರಿಯೇ. ಆಗ ಗಡ್ಡೆ ಸಿಗುತ್ತಿದ್ದದ್ದೇ ದೊಡ್ಡದಾದ ಮೇಲೆ. ಇವತ್ತು ನಾಲ್ಕು ಸೆಂಟಿಮೀಟರ್‌ ಒಳಗಿನದಕ್ಕೆ ಆಪರೇಷನ್ ಬೇಕು ಅಂತಾದರೆ, ಜಾಗ ಅನುಕೂಲವಾಗಿದ್ದಲ್ಲಿ, ಗಡ್ಡೆಯನ್ನಷ್ಟೇ ಕೆತ್ತಿ ತೆಗೆದು ಉಳಿದ ಕಿಡ್ನಿಯನ್ನು ಹೊಲಿಯುತ್ತೇವೆ. ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಕ್ಲಾಂಪ್ ಹಾಕಿ ರಕ್ತ ನಿಲ್ಲಿಸಿದ ಕ್ಷಣದಿಂದ ಸಿಸ್ಟರ್ ಗಡಿಯಾರ ನೋಡಿ ಐದೈದು ನಿಮಿಷಕ್ಕೊಮ್ಮೆ ಕೂಗಿ ಹೇಳುತ್ತಿರುತ್ತಾರೆ. ಇಪ್ಪತ್ತೈದು ಮೂವತ್ತು ನಿಮಿಷದೊಳಗೆ ಕೆತ್ತಿ, ಹೊಲಿದು, ಕ್ಲಾಂಪ್ ಬಿಡಬೇಕು. ಪೂರ್ತಿ ತೆಗೆಯುವುದಕ್ಕಿಂತ ಇದು ಕಷ್ಟದ ಕೆಲಸ. ರಕ್ತಸ್ರಾವ, ಮೂತ್ರ ಸೋರುವುದು ಇದರಲ್ಲಿ ಸ್ವಲ್ಪ ಜಾಸ್ತಿ. ಇದನ್ನೂ ಮುಚ್ಚಿಡದೆ ಹೇಳಬೇಕು: ಯುರೋಪಿನ ಸಂಸ್ಥೆಯೊಂದರ ಮುಂದಾಳತ್ವದಲ್ಲಿ 541 ಜನರ ಮೇಲೆ ಎರಡೂ ವಿಧಾನ ಹೋಲಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಭಾಗ ಮಾತ್ರ ತೆಗೆದವರು ಜಾಸ್ತಿ ವರ್ಷ ಬದುಕಿದರು ಅಂತ ಅದರಲ್ಲಿ ಕಾಣಲಿಲ್ಲ. ಕಿಡ್ನಿಯ ಶಕ್ತಿ ಮಾತ್ರ ಅವರಲ್ಲಿ ಚೆನ್ನಾಗಿ ಉಳಿಯಿತು. ನನಗೆ ಅದು ಸಾಕಷ್ಟು ದೊಡ್ಡ ಕಾರಣ. ಬೇರೆ ಡಾಕ್ಟರು ಬೇರೆ ರೀತಿ ತೂಗಿದರೆ ಅವರು ತಪ್ಪು ಅನ್ನಲಾರೆ.

ಕತ್ತರಿ ಹಾಕದೆ ಇರುವ ದಾರಿಯೂ ಇದೆ. ನಮ್ಮ ಕೊಡಗಿನಲ್ಲಿ ಮಿಲಿಟರಿಯಿಂದ ನಿವೃತ್ತರಾದ ಹಿರಿಯರು ಬಹಳ. ಅಂಥ ಒಬ್ಬ ಸುಬೇದಾರರು, ಎಪ್ಪತ್ತೆಂಟು ದಾಟಿದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಗಡ್ಡೆ ಎರಡು ಸೆಂಟಿಮೀಟರ್ ಚಿಲ್ಲರೆ. ನೋಡುತ್ತಾ ಹೋಗೋಣ ಅಂದೆ. ಅಳಿಯನ ಮುಖ ಕಪ್ಪಿಟ್ಟಿತು. "ಅಂದ್ರೆ ಮಾವನಿಗೆ ಏನೂ ಮಾಡಲ್ವಾ?" ಮಾಡುತ್ತೇವೆ. ಮೊದಲ ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಆಮೇಲೆ ಅಂತರ ಹೆಚ್ಚಿಸುತ್ತೇವೆ. ಅಮೆರಿಕದಲ್ಲಿ 2009ರಿಂದ ಇಂಥ ಸಣ್ಣ ಗಡ್ಡೆಯವರನ್ನು ದಾಖಲಿಸಿಕೊಂಡು ಬಂದಿದ್ದಾರೆ. 497 ಜನರ ಲೆಕ್ಕ 2015ರಲ್ಲಿ ಹೊರಬಂತು. ಐದು ವರ್ಷದ ಮಟ್ಟಿಗೆ, ಕಿಡ್ನಿ ಕ್ಯಾನ್ಸರಿನಿಂದ ಸಾಯುವ ಅಪಾಯದಲ್ಲಿ ಕಾದವರಿಗೂ ಆಪರೇಷನ್ ಆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಐದು ವರ್ಷದ ಲೆಕ್ಕ ನಲವತ್ತೈದರ ವಯಸ್ಸಿನವರಿಗೆ ಸಾಲದು. ಅವರು ಇನ್ನೂ ಮೂವತ್ತು ನಲವತ್ತು ವರ್ಷ ಬದುಕಬೇಕಾದವರು, ಅವರಿಗೆ ಸಾಮಾನ್ಯವಾಗಿ ಆಪರೇಷನ್ನೇ ಹೇಳುತ್ತೇನೆ.

ನಡುವಿನ ದಾರಿಗಳೂ ಇವೆ. ಮೂರು ಸೆಂಟಿಮೀಟರ್‌ವರೆಗಿನದನ್ನು ಸೂಜಿ ಹಾಕಿ ಸುಡಬಹುದು ಅಥವಾ ಹೆಪ್ಪುಗಟ್ಟಿಸಿ ಸಾಯಿಸಬಹುದು. ಮತ್ತೆ ಬಂದರೆ ಇನ್ನೊಮ್ಮೆ ಮಾಡಬೇಕಾಗಬಹುದು, ಅಷ್ಟಕ್ಕೆ ಮನಸ್ಸು ಸಿದ್ಧವಿರಬೇಕು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೆದರಿ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಬೇಡ ಅನ್ನುತ್ತಾರೆ. ಇಂಥ ಸಣ್ಣ ಗಡ್ಡೆಗಳಲ್ಲಿ ಹಾಗಾಗುವುದು ತೀರಾ ಅಪರೂಪ. ಬಯಾಪ್ಸಿಯ ನಿಜವಾದ ತೊಂದರೆ ಬೇರೆ, ಹತ್ತರಲ್ಲಿ ಒಂದೆರಡು ಸಲ ಉತ್ತರವೇ ಸಿಗುವುದಿಲ್ಲ. ಇನ್ನು, ಕೀಮೋ ಕೊಟ್ಟು ಕರಗಿಸಿ ಅನ್ನಬೇಡಿ. ಸಾಮಾನ್ಯ ಕಿಡ್ನಿ ಕ್ಯಾನ್ಸರ್ ಮಾಮೂಲಿ ಕೀಮೋಗೆ ಬಗ್ಗುವುದಿಲ್ಲ.

ಸುಬೇದಾರರ ಹೆಂಡತಿ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ಕೊನೆಗೆ ಕೇಳಿದರು: "ಎಷ್ಟು ಬೆಳೆದರೆ ನೀವು ಮನಸ್ಸು ಬದಲಾಯಿಸ್ತೀರಿ?" ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು. ವರ್ಷಕ್ಕೆ ಐದು ಮಿಲಿಮೀಟರ್ ದಾಟಿ ಬೆಳೆದರೆ, ಗಾತ್ರ ಮೂರು ಸೆಂಟಿಮೀಟರ್ ದಾಟಿ ನಾಲ್ಕರ ಹತ್ತಿರ ಬಂದರೆ, ರಕ್ತ ಕಂಡರೆ ಮತ್ತೆ ಕೂತು ಮಾತಾಡೋಣ ಅಂದೆ. ಆ ಅಮ್ಮ ಪರ್ಸಿನಿಂದ ಪೆನ್ನು ತೆಗೆದು ಸ್ಕ್ಯಾನ್ ಕವರಿನ ಹಿಂದೆ '5' ಮತ್ತು '4' ಅಂತ ದೊಡ್ಡದಾಗಿ ಬರೆದುಕೊಂಡರು. ಅವರ ಮೇಲೆ ನನಗೆ ಅವತ್ತಿನಿಂದ ವಿಶೇಷ ಪ್ರೀತಿ.

ನೋಡುತ್ತಾ ಹೋಗೋಣ ಅಂದಾಗ 'ಏನೂ ಇಲ್ಲ' ಅಂತ ಕೇಳಿಸಿಕೊಂಡು ಎರಡು ವರ್ಷ ಕಾಣೆಯಾಗುವವರೂ ಇದ್ದಾರೆ. ಅವರ ವಿಷಯದಲ್ಲಿ ನನಗೆ ನಿದ್ದೆ ಕೆಡುತ್ತದೆ. ಕಾಯುವ ದಾರಿ ಸುರಕ್ಷಿತ ಆಗಿರುವುದು ಸ್ಕ್ಯಾನಿಗೆ ಬಂದವರಿಗೆ ಮಾತ್ರ. ಮಡಿಕೇರಿಯ ಕಡೆಯವರು ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ, ಕುಶಾಲನಗರದ ಮೇಲೆ ಮೈಸೂರಿಗೋ ಹೋಗಬೇಕಾದೀತು. ಜುಲೈಯಲ್ಲಿ ತಾರೀಕು ಕೊಟ್ಟರೆ ಮಳೆ, ಗುಡ್ಡ ಕುಸಿತ. ಜನವರಿಯಲ್ಲಿ ಕೊಟ್ಟರೆ ಕೊಯ್ಲು. ಹಾಗಾಗಿ ಆರು ತಿಂಗಳ ಅಂತರದವರಿಗೆ ನಾನು ಮೇ ಮತ್ತು ನವೆಂಬರ್ ಅಂತ ಬರೆದುಕೊಡುತ್ತೇನೆ. ಸಾಧ್ಯವಾದಷ್ಟು ಅದೇ ಕಡೆ, ಅದೇ ಬಗೆಯ ಸ್ಕ್ಯಾನ್ ಮಾಡಿಸಿ. ಹಳೆಯ ಫಿಲ್ಮ್, ಸಿಡಿ ಎಲ್ಲ ತನ್ನಿ, ರಿಪೋರ್ಟ್ ಹಾಳೆ ಒಂದೇ ಸಾಲದು. ಎರಡು ಮಿಲಿಮೀಟರ್ ಬೆಳೆದಿದೆಯೋ ಇಲ್ಲವೋ ಅಂತ ಹೇಳಬೇಕಾದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನಾನೇ ಅಳೆಯಬೇಕು.