ಬೊಸ್ಸಾ ನೋವಾಗೆ ಕಂಪ್ಯೂಟರ್ ಯಾಕೆ ಬೇಕಿತ್ತು?

ಪ್ರಶ್ನೆ: ಬ್ರೆಜಿಲ್ ಗಾಯಕಿ ಸಿಬೆಲಿಯ 2006ರ ಆಲ್ಬಂ ಕೇಳಿದೆ. ದನಿ ಚೆನ್ನಾಗಿದೆ, ಗಿಟಾರ್ ಚೆನ್ನಾಗಿದೆ. ಆದರೆ ಮಧ್ಯೆ ಮಧ್ಯೆ ಆ ಕಂಪ್ಯೂಟರ್ ಸದ್ದು ಯಾಕೆ ತುರುಕಿದ್ದಾರೆ? ಅಲ್ಲಿನ ಬೊಸ್ಸಾ ನೋವಾ ಸಂಗೀತ ಅಂದ್ರೆ ಒಂದು ಗಿಟಾರ್, ಒಂದು ಮೆಲುದನಿ, ಅಷ್ಟೇ ಅಲ್ವಾ?

ಉತ್ತರ: ಅಷ್ಟೇ ಅಲ್ಲ. ಇನ್ನೊಂದು ಸಾಮಾನು ಮೊದಲಿಂದಲೂ ಇತ್ತು, ನಾವು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಅದು ಮೈಕು.

ಬೊಸ್ಸಾ ನೋವಾ ಶುರು ಮಾಡಿದ ಗಾಯಕ ಜೊವಾ ಜಿಲ್ಬೆರ್ತೊ ಕಥೆ ಕೇಳಿ. 1950ರ ದಶಕದ ನಡುವೆ ಕೈಯಲ್ಲಿ ಕಾಸಿಲ್ಲ, ಕೆಲಸ ಇಲ್ಲ, ಡಿಯಾಮಂತಿನಾ ಊರಲ್ಲಿದ್ದ ಅಕ್ಕನ ಮನೆ ಸೇರಿಕೊಂಡಿದ್ದರು. ಅಲ್ಲಿ ಗಿಟಾರ್ ಹಿಡಿದು ಬಚ್ಚಲುಮನೆ ಹೊಕ್ಕರೆ ಗಂಟೆಗಟ್ಟಲೆ ಹೊರಗೆ ಬರುತ್ತಿರಲಿಲ್ಲವಂತೆ. ನಾವು ತಮಾಷೆಗೆ ಬಾತ್‌ರೂಮ್ ಸಿಂಗರ್ ಅಂತೀವಲ್ಲ, ಇವರು ನಿಜವಾಗಿಯೂ ಅದೇ. ಟೈಲ್ಸ್ ಗೋಡೆಗೆ ತಾಗಿ ದನಿ ವಾಪಸ್ ಬರುತ್ತಿತ್ತು, ಹಾಗಾಗಿ ಕೂಗಿ ಹಾಡೋದೇ ಬೇಕಿರಲಿಲ್ಲ. 1958ರಲ್ಲಿ ರಿಯೊದ ಸ್ಟುಡಿಯೊಗೆ ಹೋದಾಗ ಅವರು ಹಟ ಹಿಡಿದದ್ದೂ ಇದಕ್ಕೇ: ದನಿಗೊಂದು ಮೈಕು, ಗಿಟಾರ್‌ಗೊಂದು ಮೈಕು. ಆ ಕಾಲಕ್ಕೆ ಅದು ಜಾಸ್ತಿಯೇ ಆಯ್ತು ಅನ್ನಿಸಿದ ಬೇಡಿಕೆ. ರೇಡಿಯೊ ತುಂಬಾ ಎದೆ ಸೀಳುವಂತೆ ಹಾಡುವವರೇ ಇದ್ದ ಹೊತ್ತಲ್ಲಿ ಈ ಮನುಷ್ಯ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡಿದ, ಎರಡೇ ನಿಮಿಷದ ಹಾಡು, ಬೊಸ್ಸಾ ನೋವಾ ಶುರುವಾಯಿತು. ಮೈಕು ಇಲ್ಲದಿದ್ದರೆ ಆ ಪಿಸುದನಿ ಮೂರನೇ ಸಾಲಿಗೂ ಕೇಳುತ್ತಿರಲಿಲ್ಲ.

ಗಿಟಾರ್ ಕೂಡ ಬರೀ ಗಿಟಾರ್ ಅಲ್ಲ. ಈಗಲೇ ಟೇಬಲ್ ಮೇಲೆ ಮಾಡಿ ನೋಡಿ. ಹೆಬ್ಬೆರಳಲ್ಲಿ ಧಬ್, ಧಬ್ ಅಂತ ಒಂದೇ ಸಮ ಬಡಿಯಿರಿ, ನಿಲ್ಲಿಸಬೇಡಿ. ಪಕ್ಕದ ಮೂರು ಬೆರಳನ್ನು ಒಟ್ಟಿಗೆ ಸೇರಿಸಿ, ಆ ಧಬ್‌ಗಳ ನಡುವೆ ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ ತಟ್ಟಿ. ಕೈ ತಡವರಿಸುತ್ತೆ, ಪರವಾಗಿಲ್ಲ. ಹೆಬ್ಬೆರಳು ಬ್ರೆಜಿಲ್‌ನ ಬೀದಿ ಕುಣಿತದ ಸಂಗೀತ ಸಾಂಬಾದ ದೊಡ್ಡ ಡೋಲು ಸುರ್ದೊ, ಮೂರು ಬೆರಳು ಅಂಗೈಯಗಲದ ಪುಟ್ಟ ವಾದ್ಯ ತಂಬೊರಿಂ. ಇಡೀ ಬೀದಿ ಮೆರವಣಿಗೆಯನ್ನು ಒಂದು ಕೈಗೆ ಇಳಿಸಿಬಿಟ್ಟಿದ್ದಾರೆ! ಲ್ಯಾಪ್‌ಟಾಪ್ ಹಿಡಿದವರು ಮಾಡೋದೂ ಹೆಚ್ಚುಕಮ್ಮಿ ಅದನ್ನೇ ಅಲ್ವಾ?

ನಿಮ್ಮ ಸಿಟ್ಟು ಹೊಸದೇನಲ್ಲ ಬಿಡಿ. 1967ರ ಜುಲೈನಲ್ಲಿ ಸಾವೊ ಪೌಲೊದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬೇಡ ಅಂತಲೇ ಒಂದು ಮೆರವಣಿಗೆ ನಡೆಯಿತು. ಮುಂದೆ ಗಾಯಕಿ ಎಲಿಸ್ ರೆಜಿನಾ, ಜೊತೆಗೆ ಗಾಯಕ ಜಿಲ್ಬೆರ್ತೊ ಜಿಲ್. ಗಾಯಕರಾದ ಕೈತಾನೊ ವೆಲೊಜೊ ಮತ್ತು ನಾರಾ ಲಿಯಾಂವ್ ಮಾತ್ರ ಸೇರದೆ ಹೋಟೆಲ್ ಕಿಟಕಿಯಿಂದ ನೋಡುತ್ತಿದ್ದರು. ಈ ನಾರಾ ಯಾರು? ರಿಯೊದ ಕೋಪಕಬಾನಾದಲ್ಲಿದ್ದ ಅವರ ಮನೆಯ ಹಾಲ್‌ನಲ್ಲೇ ಬೊಸ್ಸಾ ಹುಡುಗರು ಗುಂಪು ಸೇರುತ್ತಿದ್ದದ್ದು. ಅವರಿಗೇ ಆ ಮೆರವಣಿಗೆ ಇಷ್ಟವಾಗಲಿಲ್ಲ. ಇನ್ನೂ ಮಜಾ ಅಂದ್ರೆ, ಮೆರವಣಿಗೆಯಲ್ಲಿ ನಡೆದ ಜಿಲ್ ಮೂರೇ ತಿಂಗಳಲ್ಲಿ ಟಿವಿ ಹಾಡಿನ ಸ್ಪರ್ಧೆಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗರನ್ನೇ ಕರೆತಂದರು.

ಇನ್ನು ಸಿಬೆಲಿ. ಅವರನ್ನು ಮೊದಲು ಮೈಕಿನ ಮುಂದೆ ತಂದವರಲ್ಲಿ ಒಬ್ಬರು ಸೂಬಾ, ನಿಜವಾದ ಹೆಸರು ಮಿತಾರ್ ಸುಬೋತಿಚ್, ಸೆರ್ಬಿಯಾದ ನೋವಿ ಸಾದ್ ಊರಿನವರು. ಬ್ರೆಜಿಲ್‌ನ ತಾಳಗಳ ಹಿಂದೆ ಬಿದ್ದು ಬಂದವರು ಸಾವೊ ಪೌಲೊದಲ್ಲೇ ಉಳಿದರು. 1999ರ ಅವರ ಆಲ್ಬಂನಲ್ಲಿ ಸಿಬೆಲಿ ಹಾಡಿದ್ದಾರೆ. ಅದು ಹೊರಬಂದ ಸ್ವಲ್ಪ ದಿನಕ್ಕೇ, ನವೆಂಬರ್ 2ರಂದು, ಸ್ಟುಡಿಯೊಗೆ ಬೆಂಕಿ ಬಿದ್ದು ಸೂಬಾ ತೀರಿಕೊಂಡರು. ಆಗ ಅವರ ಕೈಯಲ್ಲಿದ್ದ ಕೆಲಸ ಯಾವುದು ಗೊತ್ತಾ? ಅದೇ ಜೊವಾ ಜಿಲ್ಬೆರ್ತೊ ಮಗಳು ಬೆಬೆಲ್ ಆಲ್ಬಂ. ಬಚ್ಚಲುಮನೆಯಲ್ಲಿ ಕೂತ ಅಪ್ಪನ ಮಗಳು ಕಂಪ್ಯೂಟರ್ ಬೊಸ್ಸಾ ಹಾಡಿದಳು, 2000ದಲ್ಲಿ ಅದು ಊರೂರಿನ ಕಾಫಿ ಅಂಗಡಿ ತಲುಪಿತು. ನನಗೆ ಕೇಳಿದರೆ ಅದು ಸ್ವಲ್ಪ ಜಾಸ್ತಿಯೇ ನುಣುಪು.

ಸಿಬೆಲಿ ಆಲ್ಬಂ ಹಾಗಲ್ಲ, ತರಿತರಿ. ಹೆಸರೇ 'ದ ಶೈನ್ ಆಫ್ ಡ್ರೈಡ್ ಎಲೆಕ್ಟ್ರಿಕ್ ಲೀವ್ಸ್'. ಒಣಗಿದ ಎಲೆ, ಅದರೊಳಗೆ ಕರೆಂಟು. ಅಷ್ಟೊತ್ತಿಗೆ ಅವರು ಲಂಡನ್ ಸೇರಿದ್ದರು. ಇಂಗ್ಲಿಷ್ ಜಾನಪದಕ್ಕೆ ಲ್ಯಾಪ್‌ಟಾಪ್ ಬೆರೆಸುವ ಟಂಗ್ ತಂಡದ ಮೈಕ್ ಲಿಂಡ್ಸೆ ನಿರ್ಮಾಣಕ್ಕೆ ಕೈ ಜೋಡಿಸಿದರು, ಫೋಕ್ ವಾಸನೆ ಹೆಚ್ಚಾಗಿ ಅಲ್ಲಿಂದ ಬಂದದ್ದು. ಬೊಸ್ಸಾ ಹಾಡು ಕಟ್ಟಿದ ಜೊಬಿಂ-ವಿನೀಸಿಯುಸ್ ಜೋಡಿಯ ಹಳೇ ಹಾಡೂ ಇದೆ, ಅಮೆರಿಕದ ಗಾಯಕ ಟಾಮ್ ವೇಟ್ಸ್ ಹಾಡೂ ಇದೆ.

ಇನ್ನೊಮ್ಮೆ ಕೇಳೋದಾದರೆ ಹೆಡ್‌ಫೋನ್ ಹಾಕಿಕೊಂಡು 'ಲಂಡನ್, ಲಂಡನ್' ಒಂದರಿಂದ ಶುರು ಮಾಡಿ. ಅದು ಕೈತಾನೊ ಬರೆದದ್ದು. ಕಿಟಕಿಯಲ್ಲಿ ನಿಂತಿದ್ದ ಅದೇ ಕೈತಾನೊ. ಮಿಲಿಟರಿ ಸರ್ಕಾರ 1968ರ ಕೊನೆಗೆ ಅವರನ್ನೂ ಜಿಲ್ ಅವರನ್ನೂ ಹಿಡಿದು ಒಳಗೆ ಹಾಕಿ, ಮರುವರ್ಷ ದೇಶ ಬಿಡಿಸಿತ್ತು. ಗೊತ್ತು ಗುರಿ ಇಲ್ಲದೆ ಲಂಡನ್ ಬೀದಿ ಸುತ್ತುವವನ ಹಾಡದು. ಸಿಬೆಲಿಯನ್ನು ಯಾರೂ ಓಡಿಸಿರಲಿಲ್ಲ, ತಾವೇ ಹೋಗಿದ್ದರು. ಅಮೆರಿಕದ ಗಾಯಕ ಡೆವೆಂಡ್ರಾ ಬ್ಯಾನ್‌ಹಾರ್ಟ್ ಜೊತೆ ಸೇರಿ ಅದನ್ನು ಹಾಡುತ್ತಾರೆ, ದನಿ ಏರಿಸುವುದೇ ಇಲ್ಲ.