ತೀರಾ ಹಾಳಾದ ರಸ್ತೆಗೇ ಮೊದಲು ಯಾಕೆ ದುಡ್ಡು ಹಾಕಲ್ಲ?

ಪಿಸಿಐ ಅಂದರೆ ರಸ್ತೆ ಎಷ್ಟು ಚೆನ್ನಾಗಿದೆ ಅಂತ ಕೊಡುವ ಅಂಕ. ಎಎಸ್‌ಟಿಎಂ ಡಿ6433 ಅನ್ನೋ ಮಾನದಂಡದ ವಿಧಾನದಲ್ಲಿ 100ರಿಂದ ಶುರು. ಬಿರುಕು, ಗುಂಡಿ, ಗಾಲಿ ಜಾಡಿನ ತಗ್ಗು ಎಷ್ಟು ಜಾಗದಲ್ಲಿವೆ, ಎಷ್ಟು ಜೋರಾಗಿವೆ ಅಂತ ನೋಡಿ ಅಂಕ ಕಳೆಯುತ್ತಾರೆ. ಇನ್ನೊಂದು ಅಳತೆಯಾದ ಐಆರ್‌ಐ ಇದಕ್ಕೆ ಉಲ್ಟಾ. ಅದು ಕುಲುಕಾಟದ ಅಳತೆ, ಜಾಸ್ತಿ ಇದ್ದಷ್ಟೂ ಕೆಟ್ಟದ್ದು.

ನಾನು ಸಿಕ್ಕಿಕೊಂಡಿದ್ದು ಇದರ ಮುಂದೆ. ಕಡಿಮೆ ಅಂಕದ ರಸ್ತೆಯಿಂದ ಪಟ್ಟಿ ಮಾಡಿ, ಮೇಲಿಂದ ದುಡ್ಡು ಹಂಚಿದರೆ ಮುಗೀತು ಅಲ್ವಾ? ಇಲ್ಲ. ಲೆಕ್ಕ ಅರ್ಥವಾಗಲಿ ಅಂತ ಸುಮ್ನೆ ಕೆಲವು ಅಂಕಿ ಇಟ್ಟುಕೊಳ್ಳೋಣ.

ಮೊದಲ ರಸ್ತೆ 1 ಕಿ.ಮೀ., ಪಿಸಿಐ 20. ಬುಡದಿಂದ ಕಿತ್ತು ಮಾಡಬೇಕು, 100 ಲಕ್ಷ ರೂಪಾಯಿ. ಎರಡನೆಯದು 4 ಕಿ.ಮೀ., ಪಿಸಿಐ 65. ತೆಳುವಾದ ಡಾಂಬರು ಪದರ ಸಾಕು, ಕಿ.ಮೀ.ಗೆ 25 ಲಕ್ಷ. ಇದಕ್ಕೂ ಒಟ್ಟು 100 ಲಕ್ಷವೇ. ಕೈಯಲ್ಲಿರುವುದೂ ಅಷ್ಟೇ.

ನಾನು ‘ಅಂಕ ಎಷ್ಟು ಏರುತ್ತೆ’ ಅಂತ ಕೇಳಿದೆ. 20ರಿಂದ 100ಕ್ಕೆ ಏರಿದರೆ 80, ಹಾಗಾಗಿ ಮೊದಲ ರಸ್ತೆಯೇ ಸರಿ ಅಂತ ಬರೆದೆ. ಪ್ರಶ್ನೆಯೇ ತಪ್ಪು. ಕೇಳಬೇಕಾದ್ದು: ಈ ವರ್ಷ ಬಿಟ್ಟರೆ ಮುಂದೆ ಖರ್ಚು ಎಷ್ಟು ಜಾಸ್ತಿ ಆಗುತ್ತೆ? ಮೊದಲನೆಯದನ್ನು ಆಗಲೂ ಕಿತ್ತೇ ಮಾಡಬೇಕು, ಅದೇ 100 ಲಕ್ಷ. ಎರಡನೆಯದು 50ಕ್ಕೆ ಇಳಿದರೆ ತೆಳು ಪದರ ಸಾಲದು. ದಪ್ಪ ಪದರಕ್ಕೆ ಕಿ.ಮೀ.ಗೆ 60 ಅಂದರೆ 240 ಲಕ್ಷ. ಬಿಟ್ಟಿದ್ದಕ್ಕೆ 140 ಲಕ್ಷದ ಹೊರೆ!

ಇಳಿಯುವುದು ಯಾಕೆ ಅಂತ ನಮ್ಮ ಬೀದಿಯಲ್ಲೇ ಕಂಡೆ. ಮಳೆ ನಿಂತು ರಸ್ತೆ ಒಣಗಿತ್ತು, ಬಿರುಕುಗಳು ಮಾತ್ರ ಕಪ್ಪು ಗೆರೆಗಳ ಹಾಗೆ ಒದ್ದೆಯಾಗಿದ್ದವು. ಕೆಲವು ಕಡೆ ಗೆರೆಯ ಅಂಚಲ್ಲಿ ಕೆಸರು. ಲಾರಿ ಹಾದಾಗ ಒಳಗಿನ ನೀರು ತಳದ ಸಣ್ಣ ಮಣ್ಣನ್ನೂ ಹೊರಗೆ ತಳ್ಳುತ್ತೆ. ತಳ ಟೊಳ್ಳಾಗುತ್ತಾ ಹೋಗುತ್ತೆ.

ಹಾಗಂತ ಮೊದಲ ರಸ್ತೆಯನ್ನು ಕೈಬಿಡೋದಲ್ಲ. ಅಲ್ಲೂ ಜನ ಓಡಾಡುತ್ತಾರೆ. ಗುಂಡಿ ಮುಚ್ಚೋದು ಸುರಕ್ಷತೆಯ ಕೆಲಸ, ಅದು ಈ ಪಟ್ಟಿಗೆ ಕಾಯಬಾರದು. ಓಡಾಟ ಜಾಸ್ತಿ ಇರುವ ರಸ್ತೆಗೆ ತೂಕವೂ ಜಾಸ್ತಿ ಕೊಡಬೇಕು.

ಇನ್ನೊಂದು. ಪಿಸಿಐ ಮೇಲ್ಮೈಯನ್ನಷ್ಟೇ ನೋಡುತ್ತೆ. ತೆಳು ಪದರ ಅಂತ ಬರೆಯುವ ಮುಂಚೆ ಬೆಂಕಲ್‌ಮನ್ ಬೀಮ್ ಇಟ್ಟು, ಭಾರದ ಲಾರಿಗೆ ರಸ್ತೆ ಎಷ್ಟು ಬಗ್ಗುತ್ತೆ ಅಂತ ಅಳೆಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 81ರಲ್ಲಿ ಇದಕ್ಕೆ ಲಾರಿಯ ಹಿಂದಿನ ಅಚ್ಚಿನ (ಆಕ್ಸಲ್) ಭಾರ 8170 ಕೆ.ಜಿ. ಜಾಸ್ತಿ ಬಗ್ಗಿದರೆ ತಳ ಸೋತಿದೆ ಅಂತ ಅರ್ಥ. ಅಂಥ ಕಡೆ ಹೊಸ ಪದರದಲ್ಲೂ ಅದೇ ಜಾಗದಲ್ಲಿ ಬಿರುಕು ಏಳುತ್ತೆ.